ಹವಳದ ತೊಟ್ಟಿಯ ನೀರನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು?

ಪ್ರಶ್ನೆ: ಕಾರವಾರದ ಕೋಡಿಬಾಗದ ಓದುಗರೊಬ್ಬರು ಜುಲೈ ಎರಡನೆಯ ವಾರದಲ್ಲಿ ಬರೆದ ದೀರ್ಘ ಪತ್ರದ ಸಾರಾಂಶ ಇದು. ಅವರ ಮನೆಯಲ್ಲಿ ನಾಲ್ಕು ಅಡಿ ಉದ್ದದ ಕಡಲನೀರಿನ ಅಕ್ವೇರಿಯಂ ಇದೆ. ಕೃತಕ ಬಂಡೆ ಮತ್ತು ಮರಳನ್ನು ಕಳೆದರೆ ಸುಮಾರು 200 ಲೀಟರ್ ನೀರು ಉಳಿಯುತ್ತದೆ. ತೊಟ್ಟಿಗೆ 14 ತಿಂಗಳಾಗಿದೆ. ಎರಡು ಕ್ಲೌನ್ ಮೀನು, ಕೆಲವು ಶಂಖದ ಹುಳುಗಳು, ಒಂದು ತೊಗಲು ಹವಳ, ಅಣಬೆ ಹವಳಗಳು ಮತ್ತು ಹವಳದ ಬಳಗದ ಪುಟ್ಟ ಜೀವಿಗಳಾದ ಜೋವಾಂತಿಡ್‌ಗಳ ಒಂದು ಗೊಂಚಲು ಅದರಲ್ಲಿವೆ. ಗಟ್ಟಿ ಹವಳ ಒಂದೂ ಇಲ್ಲ. ಪ್ರತಿ ಭಾನುವಾರ 20 ಲೀಟರ್ ನೀರನ್ನು ತೆಗೆದು, ಪರಿಚಯದ ದೋಣಿಯವರು ತಂದುಕೊಡುವ ಕಡಲನೀರನ್ನು ಸೋಸಿ ಹಾಕುತ್ತಾರೆ.

"ಜೂನ್ ಕೊನೆಯಲ್ಲಿ ತೊಗಲು ಹವಳ ಮುದುಡಿಕೊಂಡಿತು, ಅದಾಗಿ ನಾಲ್ಕು ದಿನಕ್ಕೆ ಜೋವಾಂತಿಡ್‌ಗಳೂ ಅರ್ಧ ಮುಚ್ಚಿದವು. ದಿನಾ ಪರೀಕ್ಷೆ ಮಾಡದೆ ಹವಳ ಸಾಕಲು ಹೋಗಬಾರದು ಎಂದು ಸ್ನೇಹಿತರೊಬ್ಬರು ಹೇಳಿದ ಮೇಲೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಏಳು ಪರೀಕ್ಷೆ ಮಾಡುತ್ತಿದ್ದೇನೆ. ಕ್ಷಾರೀಯತೆ ಎರಡು ದಿನದಲ್ಲಿ 8.3, 7.6, 8.8, 7.9 ಎಂದು ಬಂತು. ಇಳಿದಾಗಲೆಲ್ಲ ಅಡುಗೆ ಸೋಡಾ ಹಾಕಿದೆ. ಕ್ಯಾಲ್ಸಿಯಂ 380, ಮೆಗ್ನೀಸಿಯಂ 1150 ಇದ್ದುದರಿಂದ ಎರಡಕ್ಕೂ ದ್ರಾವಣ ತರಿಸಿ ಹಾಕತೊಡಗಿದ್ದೇನೆ. ನೈಟ್ರೇಟ್ 5, ಫಾಸ್ಫೇಟ್ 0.06. ಪಿಎಚ್ ಬೆಳಿಗ್ಗೆ 7.9, ಸಂಜೆ 8.2. ಉಪ್ಪಿನ ಮಟ್ಟ ಅಳೆಯುವ ಹೈಡ್ರೋಮೀಟರ್ 1.023 ತೋರಿಸುತ್ತಿದೆ, ಅದು ಸಾಕಲ್ಲವೆ? ಸಾಣಿಕಟ್ಟಾ ಉಪ್ಪು ಹಾಕಿದರೆ ಸರಿಯಾಗುತ್ತದೆ ಎಂದು ನೆರೆಮನೆಯವರು ಹೇಳುತ್ತಾರೆ. ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಿದರೆ ಸಾಕು? ಡಿಸೆಂಬರಿನಲ್ಲಿ ಅಡಿಕೆಯ ಕೊನೆಕೊಯ್ಲಿಗೆಂದು 15 ದಿನ ಶಿರಸಿಗೆ ಹೋಗಲೇಬೇಕು. ಆಗ ಯಾರು ಪರೀಕ್ಷೆ ಮಾಡಬೇಕು?"

ಉತ್ತರ: ಪರೀಕ್ಷೆ ಕಡಿಮೆಯಾಗಿ ಹವಳಗಳು ಕೆಡುತ್ತಿವೆಯೇನೋ ಎಂಬುದು ನಿಮ್ಮ ಆತಂಕ. ನೀವು ಕೊಟ್ಟ ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಬೇರೆ. ನೀವು ಮಾಡಿದ ಹತ್ತಾರು ಪರೀಕ್ಷೆಗಳಲ್ಲಿ ನಿಜವಾದ ತೊಂದರೆಯನ್ನು ಹೇಳುತ್ತಿದ್ದುದು ಒಂದೇ ಒಂದು, ಮತ್ತು ಅದನ್ನೇ ನೀವು ಪತ್ರದ ಕೊನೆಯಲ್ಲಿ, ಸಾಕಲ್ಲವೆ ಎಂದು ಕೇಳಿ ಬಿಟ್ಟಿದ್ದೀರಿ. ಆದ್ದರಿಂದ ಎಷ್ಟು ದಿನಕ್ಕೊಮ್ಮೆ ಎಂಬುದಕ್ಕಿಂತ ಮೊದಲು ಯಾವುದನ್ನು ಎಂಬುದನ್ನು ನೋಡೋಣ.

1.023 ಎಂಬ ವಿಶಿಷ್ಟ ಗುರುತ್ವವೆಂದರೆ ಸಾವಿರ ಪಾಲು ನೀರಿನಲ್ಲಿ ಸುಮಾರು 31 ಪಾಲು ಲವಣ. ಹವಳದಿಬ್ಬಗಳಿರುವ ತೆರೆದ ಕಡಲಿನಲ್ಲಿ ಇದು ಸುಮಾರು 35 ಇರುತ್ತದೆ, ಅಂದರೆ 1.026ರ ಆಸುಪಾಸು. ಕಡಲನೀರಿನ ಒಂದು ಗುಣವನ್ನು ಇಲ್ಲಿ ನೆನಪಿನಲ್ಲಿಡಬೇಕು: ಅದರಲ್ಲಿ ಕರಗಿರುವ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ, ಸಿಹಿನೀರು ಬೆರೆತು ತೆಳುವಾದಾಗ ಎಲ್ಲವೂ ಒಟ್ಟಿಗೆ ತೆಳುವಾಗುತ್ತವೆ. 35ರ ಲವಣಾಂಶದಲ್ಲಿ ಲೀಟರಿಗೆ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು 31ಕ್ಕೆ ಇಳಿಸಿದರೆ ಕ್ಯಾಲ್ಸಿಯಂ ತಾನಾಗಿಯೇ 372 ಆಗುತ್ತದೆ. 1290 ಇದ್ದ ಮೆಗ್ನೀಸಿಯಂ 1143 ಆಗುತ್ತದೆ. ನಿಮ್ಮ ಕಿಟ್‌ಗಳು ತೋರಿಸಿದ್ದು 380 ಮತ್ತು 1150. ಅಂದರೆ ಕಿಟ್‌ಗಳು ಸರಿಯಾಗಿಯೇ ಹೇಳಿವೆ. ನಿಮ್ಮ ತೊಟ್ಟಿಯಲ್ಲಿ ಕ್ಯಾಲ್ಸಿಯಂ ಕೊರತೆಯೂ ಇಲ್ಲ, ಮೆಗ್ನೀಸಿಯಂ ಕೊರತೆಯೂ ಇಲ್ಲ, ಇರುವುದು ಉಪ್ಪಿನ ಕೊರತೆ. ಆ ಎರಡು ದ್ರಾವಣಗಳನ್ನು ಇಂದೇ ನಿಲ್ಲಿಸಿ. ಮುಂದೆ ಲವಣಾಂಶವನ್ನು ಸರಿಪಡಿಸಿದಾಗ ಅವೆರಡೂ ಜತೆಯಲ್ಲೇ ಏರುತ್ತವೆ, ಈಗ ಸುರಿದದ್ದೆಲ್ಲ ಆಗ ಮಿತಿಮೀರುತ್ತದೆ.

ತೊಗಲು ಹವಳ ಮುದುಡಿದ್ದೊಂದೇ ಆಗಿದ್ದರೆ ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆ ಜಾತಿಯ ಹವಳ ಆಗಾಗ ತನ್ನ ಮೈಮೇಲಿನ ಮೇಣದಂಥ ತೆಳುಪದರವನ್ನು ಕಳಚುತ್ತದೆ. ಅದಕ್ಕೆ ಮೊದಲು ಹಲವು ದಿನ, ಕೆಲವೊಮ್ಮೆ ವಾರಕ್ಕೂ ಹೆಚ್ಚು, ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಮಂಕಾಗಿ ಕೂರುತ್ತದೆ. ಎಷ್ಟೋ ಜನ ಆ ದಿನಗಳಲ್ಲಿ ಗಾಬರಿಗೊಂಡು ಏನೇನೋ ಸುರಿದು ಆರೋಗ್ಯವಾಗಿದ್ದ ಹವಳವನ್ನು ಹಾಳು ಮಾಡಿರುವುದನ್ನು ಕಂಡಿದ್ದೇನೆ. ಆದರೆ ಪದರ ಕಳಚುವುದು ಆ ಒಂದು ಹವಳದ ಸ್ವಂತ ವಿಚಾರ. ಬೇರೆ ಜಾತಿಯ ಜೋವಾಂತಿಡ್‌ಗಳೂ ಅದೇ ವಾರ ಮುಚ್ಚಿಕೊಂಡವು ಎಂದಾಗ ಅವೆರಡಕ್ಕೂ ಸಮಾನವಾಗಿರುವ ನೀರಿನ ಕಡೆಗೆ ನೋಡಬೇಕಾಗುತ್ತದೆ.

ಉಪ್ಪು ಹೇಗೆ ಇಳಿಯಿತು ಎಂಬುದಕ್ಕೆ ಉತ್ತರ ನಿಮ್ಮ ಭಾನುವಾರದ ಕ್ಯಾನುಗಳಲ್ಲಿದೆ. ಮೇ ಕೊನೆಯವರೆಗೆ ನಿಮ್ಮ ಪರಿಚಯದವರು ಮೀನುಗಾರಿಕೆಗೆ ಹೋದಾಗ ಕೂರ್ಮಗಡ ದ್ವೀಪದ ಆಚೆಯ ನೀರನ್ನು ತುಂಬಿ ತರುತ್ತಿದ್ದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿ ದಡದಲ್ಲಿರುವಾಗ ಅವರು ನೀರನ್ನು ದಡದಿಂದಲೇ ತುಂಬಿರುವುದು ಸಹಜ. ಕೋಡಿಬಾಗ, ದೇವಬಾಗದ ದಡವೆಂದರೆ ಕಾಳಿ ನದಿಯ ಅಳಿವೆ. ಮಳೆಗಾಲದಲ್ಲಿ, ಅದರಲ್ಲೂ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ದಿನಗಳಲ್ಲಿ, ಅಳಿವೆಯ ಮುಂದಿನ ಕಡಲಿನ ಮೇಲ್ಪದರದಲ್ಲಿರುವುದು ಬಹುಪಾಲು ನದಿನೀರು. ಸಿಹಿನೀರು ಹಗುರವಾದ್ದರಿಂದ ಮೇಲೆ ತೇಲುತ್ತದೆ, ಕ್ಯಾನನ್ನು ಮುಳುಗಿಸಿದಾಗ ತುಂಬಿಕೊಳ್ಳುವುದೂ ಅದೇ. ಹಾಗೆ ತಂದ ನೀರಿನ ಲವಣಾಂಶ 20 ಇತ್ತೆಂದು ಇಟ್ಟುಕೊಳ್ಳಿ. 200 ಲೀಟರಿನಲ್ಲಿ 20 ಲೀಟರನ್ನು ಅದರಿಂದ ಬದಲಾಯಿಸಿದರೆ ಮೊದಲ ವಾರ 35 ಇದ್ದದ್ದು 33.5 ಆಗುತ್ತದೆ, ಎರಡನೆಯ ವಾರ 32.15, ಮೂರನೆಯ ವಾರ 30.9. ಮೂರೇ ಭಾನುವಾರಗಳಲ್ಲಿ ನೀವು ಈಗಿರುವಲ್ಲಿಗೆ ಬಂದು ನಿಲ್ಲುತ್ತೀರಿ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ಮೀನುಗಳು ಎಂದಿನಂತೆ ತಿನ್ನುತ್ತಿರುತ್ತವೆ, ಹವಳಗಳು ಮಾತ್ರ ಹೇಳುತ್ತವೆ.

ಮನೆಯೆದುರೇ ಕಡಲಿರುವಾಗ ಚೀಲದ ಉಪ್ಪಿಗೆ ಹಣ ಸುರಿಯುವುದೇಕೆ ಎಂದು ನಮ್ಮ ಕರಾವಳಿಯಲ್ಲಿ ಅನೇಕರು ಕೇಳುತ್ತಾರೆ. ನವೆಂಬರಿನಿಂದ ಮೇವರೆಗೆ, ಅಳಿವೆಯಿಂದಲೂ ಬಂದರಿನಿಂದಲೂ ದೂರ ಹೋಗಿ ತಂದ ನೀರು ಒಳ್ಳೆಯದೇ, ನಾನೂ ಬಳಸಿದ್ದೇನೆ. ಬೈತಖೋಲ ಬಂದರಿನ ಬಳಿಯ ನೀರನ್ನು ಡೀಸೆಲಿನ ಕಾರಣಕ್ಕೆ ಯಾವ ತಿಂಗಳಲ್ಲಿಯೂ ತರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿನೀರು, ಕೆಸರು ಮತ್ತು ತೋಟಗದ್ದೆಗಳಿಂದ ಹರಿದುಬಂದ ಗೊಬ್ಬರದ ಅಂಶ ಮೂರೂ ಸೇರಿರುತ್ತವೆ. ಮಳೆಗಾಲದ ಉತ್ತರಾರ್ಧದಲ್ಲಿ ಆಮ್ಲಜನಕ ಕಡಿಮೆಯಿರುವ, ಪೋಷಕಾಂಶ ಹೆಚ್ಚಿರುವ ಆಳದ ನೀರೂ ಈ ಕರಾವಳಿಯಲ್ಲಿ ಮೇಲೇಳುತ್ತದೆ. ಆ ನಾಲ್ಕು ತಿಂಗಳು ಅಕ್ವೇರಿಯಂಗೆಂದೇ ತಯಾರಾದ ಲವಣ ಮಿಶ್ರಣವನ್ನು ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ ಬಳಸುವುದೇ ಸುರಕ್ಷಿತ. ಬಾವಿನೀರನ್ನು ನೇರವಾಗಿ ಬಳಸಬೇಡಿ. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ರುಚಿಗೆಂದು ಖನಿಜಾಂಶ ಮರಳಿ ಬೆರೆಸುವ ವ್ಯವಸ್ಥೆ ಇದ್ದರೆ ಅದನ್ನು ಮುಚ್ಚಿಸಿಕೊಳ್ಳಬೇಕು.

ಸಾಣಿಕಟ್ಟಾ ಉಪ್ಪಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಊಟಕ್ಕೆ ಅದಕ್ಕಿಂತ ಒಳ್ಳೆಯ ಉಪ್ಪನ್ನು ನಾನು ಕಂಡಿಲ್ಲ, ಆದರೆ ಅದು ಒಣಗಿಸಿದ ಕಡಲನೀರಲ್ಲ. ಆಗರದಲ್ಲಿ ನೀರು ಬಿಸಿಲಿಗೆ ಗಟ್ಟಿಯಾಗುತ್ತಾ ಹೋದಂತೆ ಕ್ಯಾಲ್ಸಿಯಂ ಮೊದಲು ಸುಣ್ಣಕಲ್ಲಾಗಿ, ಆಮೇಲೆ ಜಿಪ್ಸಮ್ ಆಗಿ ತಳ ಸೇರುತ್ತದೆ. ಅನಂತರ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ನಾವು ಬಾಚಿಕೊಳ್ಳುವ ಉಪ್ಪು ಅದು. ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಬಹುಮಟ್ಟಿಗೆ ಉಳಿದ ಕಹಿನೀರಿನಲ್ಲೇ ಹೊರಗೆ ಹೋಗುತ್ತವೆ. ಅದನ್ನು ತೊಟ್ಟಿಗೆ ಹಾಕಿದರೆ ಹೈಡ್ರೋಮೀಟರ್ 1.026 ತೋರಿಸಿ ನಿಮ್ಮನ್ನು ಸಮಾಧಾನಪಡಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕ್ಷಾರೀಯತೆ ಇದ್ದಲ್ಲೇ ಇರುತ್ತವೆ. ಆಗ ಎಲ್ಲವೂ ಒಂದಕ್ಕೊಂದು ಅನುಪಾತ ತಪ್ಪಿ, ಯಾವ ಪರೀಕ್ಷೆಯಿಂದಲೂ ಸುಲಭವಾಗಿ ಅರ್ಥವಾಗದ ನೀರು ಸಿದ್ಧವಾಗುತ್ತದೆ.

ಸರಿಪಡಿಸಲು ಎರಡು ದಾರಿಗಳಿವೆ. ಆವಿಯಾದ ನೀರಿಗೆ ಬದಲಾಗಿ ಕೆಲವು ದಿನ ಸಿಹಿನೀರಿನ ಬದಲು 35ರ ಉಪ್ಪುನೀರನ್ನೇ ತುಂಬುವುದು ಮೊದಲ ದಾರಿ. ನಿಮ್ಮ ತೊಟ್ಟಿಗೆ ಒಟ್ಟು ಸುಮಾರು 800 ಗ್ರಾಂ ಲವಣ ಸೇರಬೇಕು. ಮಳೆಗಾಲದಲ್ಲಿ ದಿನಕ್ಕೆ ಒಂದೇ ಲೀಟರ್ ಆವಿಯಾಗುತ್ತಿದ್ದರೆ ಇದಕ್ಕೆ ಮೂರು ವಾರಕ್ಕಿಂತ ಹೆಚ್ಚು ಬೇಕು, ಆದರೆ ಹವಳಗಳಿಗೆ ಯಾವ ಆಘಾತವೂ ಆಗುವುದಿಲ್ಲ. ವಾರಕ್ಕೆ ಎರಡು ಬಾರಿ, ಸ್ವಲ್ಪ ಗಟ್ಟಿಯಾಗಿ 38ರಷ್ಟು ಕರಗಿಸಿದ ನೀರಿನಿಂದ 20 ಲೀಟರ್ ಬದಲಾಯಿಸುವುದು ಎರಡನೆಯ ದಾರಿ, ಇದಕ್ಕೂ ಎಂಟು ಬದಲಾವಣೆ, ಅಂದರೆ ಸುಮಾರು ನಾಲ್ಕು ವಾರ ಬೇಕು. ಇದರಲ್ಲಿ ಅವಸರಪಟ್ಟು ಒಂದೇ ದಿನ ಎರಡು ಮೂರು ಬದಲಾವಣೆ ಮಾಡುವ ಅಪಾಯವಿದೆ. ಲವಣಾಂಶ ದಿನಕ್ಕೆ 1ಕ್ಕಿಂತ ಹೆಚ್ಚು ಏರಬಾರದು. ಹವಳಗಳು ಈಗಾಗಲೇ ಮುದುಡಿರುವುದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ದಾರಿಯನ್ನೇ ಹಿಡಿಯುತ್ತಿದ್ದೆ. ಯಾವ ದಾರಿಯಾದರೂ ಮಿಶ್ರಣದ ಲವಣದೊಂದಿಗೆ ಕ್ಷಾರೀಯತೆಯೂ ಸುಮಾರು 1 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ, ನಿಮ್ಮ 8.3, 7.6 ಎಂಬ ಸಂಖ್ಯೆಗಳೂ ಅದರಲ್ಲೇ ಇವೆ) ಏರುತ್ತದೆ, ಹಾಗಾಗಿ ಆ ಅವಧಿಯಲ್ಲಿ ಅಡುಗೆ ಸೋಡಾ ಬೇಡ.

ಇನ್ನು ನಿಮ್ಮನ್ನು ನಿದ್ದೆಗೆಡಿಸಿದ ಕ್ಷಾರೀಯತೆಯ ಏರಿಳಿತಕ್ಕೆ ಬರೋಣ. ಕ್ಷಾರೀಯತೆ ಎಂದರೆ ಸ್ಥೂಲವಾಗಿ, ಹವಳ, ಕಪ್ಪೆಚಿಪ್ಪು, ಶಂಖ, ಬಂಡೆಯ ಮೇಲೆ ಗುಲಾಬಿಯಾಗಿ ಹರಡುವ ಸುಣ್ಣದ ಪಾಚಿ ಇವೆಲ್ಲ ತಮ್ಮ ಗಟ್ಟಿ ಭಾಗವನ್ನು ಕಟ್ಟಲು ನೀರಿನಿಂದ ಎಳೆದುಕೊಳ್ಳುವ ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್‌ಗಳ ದಾಸ್ತಾನು. ಅದು 8.3ರಿಂದ 7.6ಕ್ಕೆ ಇಳಿಯಿತು ಎಂದಿರಿ. 200 ಲೀಟರಿನಲ್ಲಿ 0.7 ಡಿಕೆಎಚ್ ನಿಜವಾಗಿ ಖರ್ಚಾಗಬೇಕಾದರೆ ನಿಮ್ಮ ತೊಟ್ಟಿಯ ಜೀವಿಗಳು ಬೆಳಗಿನಿಂದ ಸಂಜೆಯೊಳಗೆ ಸುಮಾರು 2.5 ಗ್ರಾಂ ಸುಣ್ಣಕಲ್ಲನ್ನು ಕಟ್ಟಿರಬೇಕು. ಆ ವೇಗದಲ್ಲಿ ದಿನಕ್ಕೊಮ್ಮೆ ಕಟ್ಟಿದರೂ ವರ್ಷಕ್ಕೆ 900 ಗ್ರಾಂ ದಾಟುತ್ತದೆ. ಗಟ್ಟಿ ಹವಳಗಳಿಂದ ಕಿಕ್ಕಿರಿದ ತೊಟ್ಟಿಯಲ್ಲಿ ಇದು ಸಾಧ್ಯ. ಒಂದು ತೊಗಲು ಹವಳ ಮತ್ತು ಬೆರಳೆಣಿಕೆಯ ಶಂಖದ ಹುಳುಗಳಿರುವಲ್ಲಿ ಇದು ನಡೆಯುವ ಮಾತಲ್ಲ. (ಗಟ್ಟಿ ಹವಳ ಇಟ್ಟಿಲ್ಲ ಎಂದು ಬರೆದಿದ್ದೀರಿ, ಅದಕ್ಕಾಗಿ ನಿಮಗೆ ಧನ್ಯವಾದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅವುಗಳಿಗೆ ರಕ್ಷಣೆಯಿದೆ. ನೇತ್ರಾಣಿ ದ್ವೀಪದ ಸುತ್ತ ನಮಗೆ ಉಳಿದಿರುವ ಹವಳಗಳನ್ನು ಯಾರಾದರೂ ಮುರಿದು ತಂದು ಕೊಡುತ್ತೇವೆ ಎಂದರೆ ಒಪ್ಪಬೇಡಿ.)

ಹಾಗಾದರೆ ಆ 0.7 ಎಲ್ಲಿಂದ ಬಂತು? ಬಹುಮಟ್ಟಿಗೆ ಪರೀಕ್ಷೆಯಿಂದಲೇ. ಒಂದು ಮಿಲಿಲೀಟರ್ ಸಿರಿಂಜಿನಿಂದ ಹನಿಹನಿಯಾಗಿ ಆಮ್ಲವನ್ನು ಬಿಟ್ಟು ಬಣ್ಣ ಬದಲಾಗುವುದನ್ನು ನೋಡುವ ಕಿಟ್ ನಿಮ್ಮದು. ಅಂಥ ಕಿಟ್‌ಗಳಲ್ಲಿ ಇಡೀ ಸಿರಿಂಜು ಸುಮಾರು 16 ಡಿಕೆಎಚ್‌ಗೆ ಸಮ. ಅಂದರೆ 0.05 ಮಿಲಿಲೀಟರ್ ಹೆಚ್ಚುಕಡಿಮೆಯಾದರೆ 0.8 ಡಿಕೆಎಚ್ ವ್ಯತ್ಯಾಸ ಬಂದುಬಿಡುತ್ತದೆ. ಸಿರಿಂಜಿನ ರಬ್ಬರಿಗೆ ಅಂಟಿಕೊಂಡ ಸಾಸಿವೆಗಾತ್ರದ ಗುಳ್ಳೆಯೊಂದು ಸಾಕು. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೀಲಿಹಸಿರು ಹೋಗಿ ಗುಲಾಬಿ ಬಂದ ಗಳಿಗೆ ಸ್ಪಷ್ಟವಾಗಿ ಕಾಣುತ್ತದೆ. ಸಂಜೆ ಕರೆಂಟು ಹೋಗಿ ಎಮರ್ಜೆನ್ಸಿ ದೀಪದ ಕೆಳಗೆ ಅದೇ ಬಣ್ಣವನ್ನು ನೋಡುವಾಗ ಕಣ್ಣು ಎರಡು ಮೂರು ಹನಿ ಮೊದಲೇ ಒಪ್ಪಿಬಿಡುತ್ತದೆ. ಪ್ರಯೋಗಾಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲ ವಾರ ಕೊಡುತ್ತಿದ್ದ ಕೆಲಸವೇ ಇದು: ಒಂದೇ ಬಾಟಲಿಯ ಕಡಲನೀರನ್ನು ಎಲ್ಲರೂ ಪ್ರತ್ಯೇಕವಾಗಿ ಅಳೆದು ಉತ್ತರವನ್ನು ಹಲಗೆಯ ಮೇಲೆ ಬರೆಯುವುದು. ಎಲ್ಲರ ಉತ್ತರ ಒಂದೇ ಬಂದ ವರ್ಷ ನನಗೆ ನೆನಪಿಲ್ಲ.

ನೀವೂ ಇದನ್ನು ಮಾಡಿ ನೋಡಿ. ತೊಟ್ಟಿಯಿಂದ ಒಂದು ಲೋಟ ನೀರು ತೆಗೆದು, ಅದೇ ನೀರನ್ನು ಹಗಲು ಬೆಳಕಿನಲ್ಲಿ ಮೂರು ಸಲ ಅಳೆಯಿರಿ. ಪ್ರತಿ ಸಲವೂ ಗಾಜಿನ ಬಾಟಲಿಯನ್ನು ಅದೇ ನೀರಿನಿಂದ ತೊಳೆದು, ಹಿಂದೆ ಬಿಳಿ ಹಾಳೆ ಹಿಡಿದು, ಸಿರಿಂಜಿನ ಗುಳ್ಳೆ ಹೊರಡಿಸಿ ಅಳೆಯಬೇಕು. ಮೂರು ಉತ್ತರಗಳಲ್ಲಿ ಗರಿಷ್ಠ ಮತ್ತು ಕನಿಷ್ಠದ ನಡುವಿನ ಅಂತರವೇ ನಿಮ್ಮ ಕೈ ಮತ್ತು ನಿಮ್ಮ ಕಿಟ್ ಸೇರಿ ಮಾಡುವ ದೋಷ. ಅದು 0.5 ಡಿಕೆಎಚ್ ಎಂದು ಬಂದಿತು ಎನ್ನೋಣ. ಆಮೇಲೆ, ಏನನ್ನೂ ಹಾಕದೆ ಎಂಟು ಹತ್ತು ದಿನ ಬಿಟ್ಟು ಮತ್ತೆ ಅಳೆದಾಗ 8.4 ಇದ್ದದ್ದು 7.5 ಆಗಿದ್ದರೆ ನಿಮ್ಮ ತೊಟ್ಟಿಯ ಖರ್ಚು ದಿನಕ್ಕೆ ಸುಮಾರು 0.1 ಎಂದಾಯಿತು. ಇದನ್ನು ಲವಣಾಂಶ ಸರಿಯಾಗಿ ನಿಂತ ಮೇಲೆಯೇ ಮಾಡಬೇಕು, ಇಲ್ಲದಿದ್ದರೆ ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಮುಚ್ಚಿಹಾಕುತ್ತದೆ.

ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಈ ಎರಡು ಸಂಖ್ಯೆಗಳಲ್ಲಿದೆ. ದಿನಕ್ಕೆ 0.1 ಖರ್ಚಾಗುವ ತೊಟ್ಟಿಯನ್ನು 0.5ರಷ್ಟು ತಪ್ಪುವ ಸಾಧನದಿಂದ ಐದು ದಿನಕ್ಕಿಂತ ಮೊದಲು ಅಳೆದರೆ ನಿಮಗೆ ಸಿಗುವುದು ತೊಟ್ಟಿಯ ಸುದ್ದಿಯಲ್ಲ, ನಿಮ್ಮ ಕೈಯ ಸುದ್ದಿ. ಇನ್ನೊಂದು ಕಡೆ, 7ರಿಂದ 9ರ ನಡುವೆ ಇರಲಿ ಎಂದು ನೀವು ಬಯಸಿದರೆ ಆ ಎರಡು ಡಿಕೆಎಚ್ ಖರ್ಚಾಗಲು ಇಪ್ಪತ್ತು ದಿನ ಬೇಕು. ಆದ್ದರಿಂದ ಇಪ್ಪತ್ತು ದಿನಕ್ಕಿಂತ ಹೆಚ್ಚು ಕಾಲ ನೋಡದೆ ಬಿಡುವಂತಿಲ್ಲ. ಐದಕ್ಕಿಂತ ಮೇಲೆ, ಇಪ್ಪತ್ತಕ್ಕಿಂತ ಕೆಳಗೆ ಎಂದಾಗ ನಿಮ್ಮ ತೊಟ್ಟಿಗೆ ಏಳರಿಂದ ಹತ್ತು ದಿನಕ್ಕೊಮ್ಮೆ ಕ್ಷಾರೀಯತೆಯ ಪರೀಕ್ಷೆ ಸರಿಹೊಂದುತ್ತದೆ. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳೆಂದಲ್ಲ. ದಿನಕ್ಕೆ 1 ಡಿಕೆಎಚ್ ಖರ್ಚಾಗುವ, ಗಟ್ಟಿ ಹವಳಗಳೇ ತುಂಬಿರುವ ದೊಡ್ಡ ಪ್ರದರ್ಶನ ತೊಟ್ಟಿಗಳಲ್ಲಿ ದಿನನಿತ್ಯದ ಪರೀಕ್ಷೆ ಅನಿವಾರ್ಯ, ಏಕೆಂದರೆ ಅಲ್ಲಿ ಎರಡು ದಿನ ಮರೆತರೆ ಇಡೀ ಅಂತರ ಮುಗಿದುಹೋಗುತ್ತದೆ. ಆ ನಿಯಮವನ್ನು ನಿಮ್ಮ ತೊಟ್ಟಿಗೆ ತಂದಾಗ ಅದು ಅಪಾಯಕಾರಿಯಾಯಿತು. 200 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಸುಮಾರು 1 ಡಿಕೆಎಚ್ ಏರಿಸುತ್ತದೆ. ಇಲ್ಲದ ಇಳಿಕೆಯನ್ನು ಸರಿಪಡಿಸಲು ದಿನಕ್ಕೆ ಚಮಚದಷ್ಟು ಸೋಡಾ ಹಾಕುತ್ತಾ ಹೋದರೆ, ಸ್ಥಿರವಾಗಿದ್ದ ನೀರು ಪರೀಕ್ಷೆಯ ಕಾರಣದಿಂದಲೇ ಅಸ್ಥಿರವಾಗುತ್ತದೆ. ಹವಳಗಳು 7.5ಕ್ಕೂ ಒಗ್ಗುತ್ತವೆ, 9ಕ್ಕೂ ಒಗ್ಗುತ್ತವೆ. ಎರಡರ ನಡುವೆ ತೂಗಾಡುವುದಕ್ಕೆ ಒಗ್ಗುವುದಿಲ್ಲ.

ಖರ್ಚು ದಿನಕ್ಕೆ 0.1 ಎಂದು ಖಚಿತವಾದ ಮೇಲೆ ವಾರಕ್ಕೊಮ್ಮೆ 4 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಪಂಪಿನ ಹರಿವಿಗೆ ನಿಧಾನವಾಗಿ ಬಿಟ್ಟರೆ ಸಾಕು. ಬೇಕಿಂಗ್ ಪೌಡರ್ ಬೇರೆ ವಸ್ತು, ಅದರಲ್ಲಿ ಆಮ್ಲೀಯ ಲವಣಗಳೂ ಪಿಷ್ಟವೂ ಇರುತ್ತವೆ, ಅದನ್ನು ಹಾಕಲೇಬಾರದು. ಇದಕ್ಕೆ ಬದಲಾಗಿ ತಿಳಿಸುಣ್ಣದ ನೀರನ್ನೂ ಬಳಸಬಹುದು. ಅದರಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡೂ ಬೇಕಾದ ಅನುಪಾತದಲ್ಲೇ ಇರುತ್ತವೆ ಎಂಬುದು ಅದರ ಹಿರಿಮೆ. ಆದರೆ ಅದರ ಪಿಎಚ್ 12ಕ್ಕೂ ಹೆಚ್ಚು. ನಿಮ್ಮ ತೊಟ್ಟಿಗೆ ದಿನಕ್ಕೆ 200 ಮಿಲಿಲೀಟರಿಗಿಂತ ಕಡಿಮೆ ಸಾಕಾಗುವಲ್ಲಿ ಒಂದು ದಿನ ಕೈತಪ್ಪಿ ಎರಡು ಲೀಟರ್ ಒಮ್ಮೆಲೇ ಹೋದರೆ ಮೀನುಗಳಿಗೂ ಅಪಾಯ. ಎಲೆಯಡಿಕೆಗೆ ಬಳಸುವ ಚಿಪ್ಪಿನ ಸುಣ್ಣದಲ್ಲಿ ಏನೇನು ಬೆರೆತಿರುತ್ತದೆಂದು ಹೇಳಲಾಗದು, ಆ ಪ್ರಯೋಗ ಬೇಡ.

ಕ್ಯಾಲ್ಸಿಯಂ ಪರೀಕ್ಷೆ ತಿಂಗಳಿಗೊಂದು ಸಾಕು. ಸುಣ್ಣಕಲ್ಲು ಕಟ್ಟುವಾಗ 2.8 ಡಿಕೆಎಚ್ ಖರ್ಚಾದರೆ ಕ್ಯಾಲ್ಸಿಯಂ ಲೀಟರಿಗೆ 20 ಮಿಲಿಗ್ರಾಂ ಮಾತ್ರ ಇಳಿಯುತ್ತದೆ. ನಿಮ್ಮಲ್ಲಿ ಒಂದು ತಿಂಗಳಿಗೆ ಆಗುವ ಇಳಿಕೆ ಅಷ್ಟೇ, ಮನೆಯ ಕಿಟ್‌ಗಳು ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ಮೆಗ್ನೀಸಿಯಂ ಇನ್ನೂ ನಿಧಾನ, ಎರಡು ಮೂರು ತಿಂಗಳಿಗೊಮ್ಮೆ ನೋಡಿದರೆ ಆಯಿತು. ಈ ಎರಡರಲ್ಲಿ ಯಾವುದನ್ನಾದರೂ ಅಳೆಯುವ ಮೊದಲು ಲವಣಾಂಶವನ್ನು ಅಳೆದು ಪಕ್ಕದಲ್ಲಿ ಬರೆದಿಡಿ. ಆ ಒಂದು ಸಾಲು ಇಲ್ಲದ ಕ್ಯಾಲ್ಸಿಯಂ ಸಂಖ್ಯೆಗೆ ಅರ್ಥವಿಲ್ಲ ಎಂಬುದನ್ನು ಈ ಸಲದ ಅನುಭವವೇ ನಿಮಗೆ ತೋರಿಸಿದೆ.

ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ಎರಡು ವಾರಕ್ಕೊಮ್ಮೆ ನೋಡಿ. ಇವು ನೀವು ಹಾಕುವ ಆಹಾರದ ಲೆಕ್ಕ ಹೇಳುತ್ತವೆ. ನಿಮ್ಮ 5 ಮತ್ತು 0.06 ಎರಡೂ ಮೆದು ಹವಳಗಳಿಗೆ ಹಿತವಾದ ಮಟ್ಟದಲ್ಲಿವೆ, ಅವನ್ನು ಸೊನ್ನೆಗೆ ಇಳಿಸುವ ಪ್ರಯತ್ನ ಮಾಡಬೇಡಿ. ಶೂನ್ಯವೇ ಶುದ್ಧಿ ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಹವಳದೊಳಗೆ ವಾಸಿಸುವ ಪಾಚಿಗೂ ಇವೆರಡೂ ಬೇಕು. ಎರಡೂ ಸಂಪೂರ್ಣ ಬರಿದಾದ ತೊಟ್ಟಿಗಳಲ್ಲಿ ಮರಳು ಬಂಡೆಗಳ ಮೇಲೆ ಕಂದು ಲೋಳೆಯಂತೆ, ಗುಳ್ಳೆ ಹಿಡಿದು ಬೆಳೆಯುವ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲೇಟ್‌ಗಳು ಒಮ್ಮೆ ಬೇರೂರಿದರೆ ತಿಂಗಳುಗಟ್ಟಲೆ ಕಾಡುತ್ತವೆ.

ಪಿಎಚ್ ಅನ್ನು ಪ್ರತ್ಯೇಕವಾಗಿ ಅಳೆಯುವ ಅಗತ್ಯವೇ ನಿಮಗಿಲ್ಲ ಎಂಬುದು ನನ್ನ ಅಭಿಪ್ರಾಯ. ರಾತ್ರಿ ತೊಟ್ಟಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ಬೆಳಿಗ್ಗೆ 7.9, ಹಗಲಿಡೀ ಪಾಚಿ ಅದನ್ನು ಬಳಸಿಕೊಳ್ಳುವುದರಿಂದ ಸಂಜೆ 8.2, ಇದು ತೊಟ್ಟಿಯ ಉಸಿರಾಟ. ಮಳೆಗಾಲದಲ್ಲಿ ಕಿಟಕಿಬಾಗಿಲು ಮುಚ್ಚಿದ ಮನೆಯಲ್ಲಿ ಅದು ಇನ್ನೂ ಸ್ವಲ್ಪ ಇಳಿಯುತ್ತದೆ, ಬಿಸಿಲು ಬಂದಾಗ ಕಿಟಕಿ ತೆರೆದರೆ ಏರುತ್ತದೆ. ಅದನ್ನು ಏರಿಸುವ ಔಷಧಿಗಳೆಲ್ಲ ಕ್ಷಾರೀಯತೆಯನ್ನು ಕೆಡಿಸುತ್ತವೆ. ಅಮೋನಿಯಾ ಮತ್ತು ನೈಟ್ರೈಟ್ ಹೊಸ ತೊಟ್ಟಿಯ ಮೊದಲ ನಾಲ್ಕಾರು ವಾರಗಳ ಪರೀಕ್ಷೆಗಳು. 14 ತಿಂಗಳ ತೊಟ್ಟಿಯಲ್ಲಿ ನೈಟ್ರೈಟ್ ಬೇಡವೇ ಬೇಡ. ಅಮೋನಿಯಾ ಕಿಟ್ ಒಂದನ್ನು ಮಾತ್ರ ಇಟ್ಟುಕೊಳ್ಳಿ, ಮೀನು ಸತ್ತು ಕಾಣೆಯಾದ ದಿನ ಅಥವಾ ದೀರ್ಘ ವಿದ್ಯುತ್ ಕಡಿತದ ಮರುದಿನ ಅದು ಬೇಕಾಗುತ್ತದೆ. ಮಳೆಗಾಳಿಗೆ ಮರ ಬಿದ್ದು ಆರೆಂಟು ತಾಸು ಕರೆಂಟಿಲ್ಲದಾಗ ತೊಟ್ಟಿಯಲ್ಲಿ ಮೊದಲು ಮುಗಿಯುವುದು ಆಮ್ಲಜನಕ. ಆಗ ಕೈಯಲ್ಲಿರಬೇಕಾದದ್ದು ಟೆಸ್ಟ್ ಕಿಟ್ ಅಲ್ಲ, ಬ್ಯಾಟರಿಯ ಏರ್ ಪಂಪ್.

ಹೆಚ್ಚಾಗಿ ಅಳೆಯಬೇಕಾದದ್ದು ಲವಣಾಂಶ, ವಾರಕ್ಕೆ ಎರಡು ಸಲವಾದರೂ, ಮತ್ತು ತೊಟ್ಟಿಗೆ ಹೋಗುವ ಪ್ರತಿ ಕ್ಯಾನ್ ನೀರನ್ನು ಸುರಿಯುವ ಮುನ್ನ, ತಪ್ಪದೆ. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಂಪಾಗಲೆಂದು ಫ್ಯಾನ್ ಇಟ್ಟಾಗ ದಿನಕ್ಕೆ ಎರಡು ಲೀಟರ್ ಆವಿಯಾಗುವುದು ಸಾಮಾನ್ಯ. ಮೂರು ದಿನ ತುಂಬದಿದ್ದರೆ ನಿಮ್ಮ ಲವಣಾಂಶ 35ರಿಂದ 36 ದಾಟುತ್ತದೆ. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರಿನ ಬಟ್ಟಲಿನಿಂದ ಚೆಲ್ಲುವ ಕೊಳೆನೀರು ಇದಕ್ಕೆ ವಿರುದ್ಧ, ಅದು ಉಪ್ಪುನೀರು. ಅದರ ಜಾಗವನ್ನು ಸಿಹಿನೀರಿನಿಂದ ತುಂಬಿದಷ್ಟೂ ಲವಣಾಂಶ ಕೆಳಗಿಳಿಯುತ್ತದೆ. ನಿಮ್ಮ ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಗುಳ್ಳೆ ಅಂಟಿದರೂ ಉಪ್ಪಿನ ಪದರ ಕಟ್ಟಿದರೂ ಲೆಕ್ಕ ತಪ್ಪುತ್ತದೆ, ಆದ್ದರಿಂದ ಕ್ಯಾಲ್ಸಿಯಂ ದ್ರಾವಣಕ್ಕೆ ಕೊಡುವ ಹಣದಲ್ಲಿ ಬೆಳಕು ಬಾಗುವುದನ್ನು ನೋಡಿ ಲವಣಾಂಶ ಹೇಳುವ ಒಂದು ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ. ಅದನ್ನು ಬರಿ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ ನಂಬಬಾರದು. ನಾನು ಹಾಗೆ ನಂಬಿ ಎರಡು ತಿಂಗಳು 33ರ ನೀರನ್ನು 35 ಎಂದುಕೊಂಡಿದ್ದೆ. 35ರ ಹತ್ತಿರವೇ ಹೊಂದಿಸಬೇಕು: ಪುಡಿ ಉಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ ತೇವ ಹೋಗಿಸಿ, ಆರಿದ ಮೇಲೆ 36.5 ಗ್ರಾಂ ತೂಗಿ, 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ ಆ ದ್ರಾವಣ ರಿಫ್ರಾಕ್ಟೋಮೀಟರಿನಲ್ಲಿ 35 ತೋರಿಸಬೇಕು. ಇದು ಸಾಧನವನ್ನು ಹೊಂದಿಸಲು ಮಾತ್ರ, ತೊಟ್ಟಿಗೆ ಹಾಕಲು ಅಲ್ಲ.

ಈ ಅವಧಿಗಳೆಲ್ಲ ಏನೂ ಬದಲಾಗದ ದಿನಗಳಿಗೆ ಅನ್ವಯಿಸುತ್ತವೆ. ಹೊಸ ಜೀವಿ ಬಂದಾಗ, ಲವಣ ಮಿಶ್ರಣದ ಹೊಸ ಚೀಲ ಒಡೆದಾಗ, ಎರಡು ಮೂರು ಜಾತಿಯ ಹವಳಗಳು ಒಟ್ಟಿಗೆ ಮುದುಡಿದಾಗ ದಿನ ಎಣಿಸುತ್ತಾ ಕೂರದೆ ಅಂದೇ ಪರೀಕ್ಷಿಸಿ, ಲವಣಾಂಶದಿಂದಲೇ ಆರಂಭಿಸಿ. ಕಿಟ್‌ಗಳ ಪುಡಿ ನಮ್ಮ ಜೂನ್ ಜುಲೈ ತಿಂಗಳ ತೇವಕ್ಕೆ ಬೇಗ ಗಂಟುಕಟ್ಟುತ್ತದೆ. ಅವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ, ಮುಚ್ಚಳದ ಮೇಲೆ ಒಡೆದ ದಿನಾಂಕ ಬರೆಯಿರಿ.

ಇನ್ನು ಶಿರಸಿಯ ಪ್ರಯಾಣ. ನಿಶ್ಚಿಂತೆಯಿಂದ ಹೋಗಿ ಬನ್ನಿ, ನಿಮ್ಮ ಪರವಾಗಿ ಯಾರೂ ಪರೀಕ್ಷೆ ಮಾಡುವುದು ಬೇಡ, ಏನನ್ನೂ ಹಾಕುವುದಂತೂ ಬೇಡ. 15 ದಿನದಲ್ಲಿ ಖರ್ಚಾಗುವುದು 1.5 ಡಿಕೆಎಚ್. ಹೊರಡುವ ವಾರದಲ್ಲಿ ಕ್ಷಾರೀಯತೆಯನ್ನು ನಿಧಾನವಾಗಿ 8.5ಕ್ಕೆ ತಂದಿಟ್ಟರೆ ಮರಳುವಾಗ 7ರ ಹತ್ತಿರ ಇರುತ್ತದೆ, ಅದು ಕಡಲಿನ ಸಹಜ ಮಟ್ಟವೇ. ಆ ದಿನಗಳಲ್ಲಿ ಆವಿಯಾಗುವ ನೀರಿಗಾಗಿ ಫ್ಲೋಟ್ ವಾಲ್ವ್ ಇರುವ ಸ್ವಯಂಚಾಲಿತ ವ್ಯವಸ್ಥೆ ಮಾಡಿ, ಆದರೆ ಅದರ ನೀರಿನ ಡಬ್ಬ 20 ಲೀಟರಿಗಿಂತ ದೊಡ್ಡದಿರಬಾರದು. ವಾಲ್ವ್ ಸಿಕ್ಕಿಹಾಕಿಕೊಂಡು ಅಷ್ಟೂ ನೀರು ಒಮ್ಮೆಲೇ ಸುರಿದರೂ ಲವಣಾಂಶ 32ರ ಹತ್ತಿರ ನಿಲ್ಲುತ್ತದೆ, ಹವಳ ಮುದುಡಬಹುದು, ಸಾಯುವುದಿಲ್ಲ. 100 ಲೀಟರಿನ ಡ್ರಮ್ಮು ಜೋಡಿಸಿದ್ದರೆ ಹೀಗೆ ಹೇಳಲಾಗುವುದಿಲ್ಲ. ನೆರೆಮನೆಯವರಿಗೆ ಗಾಜಿನ ಮೇಲೆ ನೀರಿನ ಮಟ್ಟದ ಗುರುತು ಹಾಕಿ ತೋರಿಸಿ, ಡಬ್ಬ ಖಾಲಿಯಾದರೆ ತುಂಬಲು ಶುದ್ಧ ನೀರಿನ ಎರಡು ಕ್ಯಾನ್ ಪಕ್ಕದಲ್ಲಿಡಿ, ಒಂದೊಂದು ದಿನದ ಆಹಾರವನ್ನು ಪ್ರತ್ಯೇಕ ಪೊಟ್ಟಣ ಕಟ್ಟಿಡಿ. ಅವರು ದಿನಕ್ಕೊಮ್ಮೆ ಬಂದು ಪಂಪ್ ಓಡುತ್ತಿದೆಯೇ, ನೀರು ಗುರುತಿನಲ್ಲಿದೆಯೇ, ಥರ್ಮಾಮೀಟರ್ 28ಕ್ಕಿಂತ ಕೆಳಗಿದೆಯೇ ಎಂದು ನೋಡಿದರೆ ಸಾಕು. ಮರಳಿ ಬಂದ ದಿನ ಲವಣಾಂಶವನ್ನು ಮಾತ್ರ ಅಳೆಯಿರಿ, ಕ್ಷಾರೀಯತೆಯನ್ನು ಮರುದಿನ ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ ನೋಡಿ.